ಗೂಡು ಬಿಟ್ಟ ಮರಿಗಳು: ಎರೆಸೀಮೆಯಲ್ಲಿ ಬೇಟೆಹಕ್ಕಿಗಳ ಎಳೆಯರ ಚಿತ್ರ ತೆಗೆಯುವ ಕ್ರಮ

ಎಳ್ಳಮಾವಾಸ್ಯೆಯ ಆಸುಪಾಸಿನಲ್ಲಿ, ಅಣ್ಣಿಗೇರಿಯಿಂದ ನವಲಗುಂದದ ಕಡೆಗೆ ಹೋಗುವ ದಾರಿಯ ಎರೆಹೊಲಗಳಲ್ಲಿ ಕಡಲೆ ಕಾಯಿಕಟ್ಟಿ ಬಿಳಿಜೋಳ ತೆನೆ ಹಿಡಿಯುತ್ತಿರುವ ದಿನಗಳಲ್ಲಿ, ಬದುವಿನ ಒಂಟಿ ಜಾಲಿಗಿಡದ ತುದಿಯಿಂದ ಕೀಚಲು ದನಿಯೊಂದು ಬಿಟ್ಟೂ ಬಿಡದೆ ಕೇಳಿಸುವುದುಂಟು. ಅದು ಕಪ್ಪುರೆಕ್ಕೆಯ ಹದ್ದಿನ ಮರಿಗಳ ಕೂಗು. ಗೂಡು ಬಿಟ್ಟು ಹಾರಲು ಕಲಿತಿದ್ದರೂ ಬೇಟೆ ಇನ್ನೂ ಕೈಗೂಡದ ಈ ಮರಿಗಳು, ಇಲಿ ಹಿಡಿದು ತರುವ ತಂದೆಯ ದಾರಿ ಕಾಯುತ್ತ ಒಂದೇ ಗಿಡದ ಮೇಲೆ ಗಂಟೆಗಟ್ಟಲೆ ಕುಳಿತಿರುತ್ತವೆ. ಗೂಡಿನಿಂದ ಹೊರಬಂದ ಮೇಲೂ ಸುಮಾರು 80 ದಿನಗಳ ಕಾಲ ಅವು ಆಹಾರಕ್ಕಾಗಿ ಹಿರಿಯ ಹಕ್ಕಿಗಳನ್ನೇ ನೆಚ್ಚಿಕೊಂಡಿರುತ್ತವೆ. ಮೊದಮೊದಲು ಕೊಂಬೆಯ ಮೇಲೆ ನಡೆಯುವ ಆಹಾರದ ಹಸ್ತಾಂತರ ಬರಬರುತ್ತ ಆಕಾಶದಲ್ಲಿಯೇ ನಡೆಯತೊಡಗುತ್ತದೆ.

ಬೇಟೆಹಕ್ಕಿಗಳ ಮರಿಗಳನ್ನು ಚಿತ್ರಿಸಬೇಕೆಂದು ಬಯಸುವ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದ ಛಾಯಾಗ್ರಾಹಕರು ಕಾದು ಹಿಡಿಯಬೇಕಾದದ್ದು ಈ ದಿನಗಳನ್ನೇ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಗೂಡಿನ ತಂಟೆಗೆ ಹೋಗದೆ, ದೂರದಿಂದ, ಹಕ್ಕಿಯ ನಿತ್ಯದ ಬದುಕು ಕದಡದಂತೆ ಈ ಕೆಲಸ ಮಾಡುವುದು ಹೇಗೆ ಎಂಬುದನ್ನು ಹೊಲದಲ್ಲಿ ಕಲಿತ ಮಟ್ಟಿಗೆ ಇಲ್ಲಿ ವಿವರಿಸುತ್ತೇನೆ.

ಮೊದಲ ಹೆಜ್ಜೆ: ಗೂಡನ್ನು ಬಿಟ್ಟುಬಿಡುವುದು

ಹೊಸಬರಿಗೆ ಗೂಡು ದೊಡ್ಡ ಆಕರ್ಷಣೆ. ಹಕ್ಕಿ ಅಲ್ಲಿಗೆ ಬಂದೇ ಬರುತ್ತದೆ, ಮರಿಗಳು ಕದಲುವುದಿಲ್ಲ, ಚಿತ್ರ ಸುಲಭವಾಗಿ ಸಿಗುತ್ತದೆ ಎಂಬ ಲೆಕ್ಕಾಚಾರ ಅವರದು. ಆದರೆ ಹಕ್ಕಿಯ ಬದುಕಿನಲ್ಲಿ ಇದಕ್ಕಿಂತ ಅಪಾಯದ ಕಾಲ ಇನ್ನೊಂದಿಲ್ಲ. ನಮ್ಮ ಭಾಗದ ಹಲವು ಬೇಟೆಹಕ್ಕಿಗಳು ಮರಿಮಾಡುವುದು ಮಾರ್ಚ್‌ನಿಂದ ಮೇ ತಿಂಗಳವರೆಗಿನ ಬಿರುಬಿಸಿಲಿನಲ್ಲಿ. ತುಪ್ಪುಳು ಮಾತ್ರ ಮೂಡಿದ ಮರಿಗಳಿಗೆ ತಮ್ಮ ಮೈಯ ಕಾವನ್ನು ತಾವೇ ತೂಗಿಸಿಕೊಳ್ಳುವ ಶಕ್ತಿ ಇರುವುದಿಲ್ಲವಾದ್ದರಿಂದ ತಾಯಿ ರೆಕ್ಕೆ ಹರಡಿ ನೆರಳು ಕೊಡುತ್ತ ನಿಲ್ಲುತ್ತದೆ. ನಾವು ಹತ್ತಿರ ಹೋದೊಡನೆ ತಾಯಿ ಎದ್ದು ಹಾರಿದರೆ ಮರಿಗಳು ನೇರ ಬಿಸಿಲಿಗೆ ಬೀಳುತ್ತವೆ. ಗೂಡಿನತ್ತ ಹೋಗುವ ಮನುಷ್ಯರನ್ನು ಕಾಗೆಗಳು ಗಮನಿಸುತ್ತವೆ, ತಾಯಿ ಇಲ್ಲದ ಹೊತ್ತನ್ನು ಬಳಸಿಕೊಳ್ಳುತ್ತವೆ. ಚಿತ್ರಕ್ಕೆ ಅಡ್ಡವಾಗುತ್ತದೆಂದು ಗೂಡಿನ ಸುತ್ತಲಿನ ಟೊಂಗೆಗಳನ್ನು ಕತ್ತರಿಸುವವರು ಆ ಮರಿಗಳ ನೆರಳನ್ನೂ ಮರೆಯನ್ನೂ ಒಟ್ಟಿಗೆ ಕಳೆಯುತ್ತಾರೆ. ಇನ್ನು ಗರಿ ಬಲಿಯುತ್ತಿರುವ ದೊಡ್ಡ ಮರಿಗಳು ಹೆದರಿದಾಗ ಹಾರಲು ಬಾರದಿದ್ದರೂ ಗೂಡಿನಿಂದ ಹೊರಗೆ ಹಾರಿಕೊಳ್ಳುತ್ತವೆ. ನೆಲಕ್ಕೆ ಬಿದ್ದ ಮರಿಯನ್ನು ನಾಯಿ, ಬೆಕ್ಕು, ಮುಂಗುಸಿಗಳು ಬಿಡುವುದಿಲ್ಲ.

ನಾನು ಈ ಹವ್ಯಾಸಕ್ಕೆ ಬಿದ್ದ ಮೊದಲ ವರ್ಷ ಧಾರವಾಡದ ಹೊರವಲಯದ ಮಾವಿನ ತೋಪೊಂದರಲ್ಲಿ ಶಿಕ್ರಾ ಎಂಬ ಸಣ್ಣ ಗಿಡುಗದ ಗೂಡಿನ ಕೆಳಗೆ ಒಂದು ಗಂಟೆಗೂ ಹೆಚ್ಚು ಹೊತ್ತು ನಿಂತಿದ್ದೆ. ತಾಯಿ ಹಕ್ಕಿ ಬಾಯಲ್ಲಿ ಓತಿಕ್ಯಾತ ಹಿಡಿದು ಎದುರಿನ ಗಿಡದಲ್ಲಿ ಕುಳಿತು ಕೂಗುತ್ತಲೇ ಇತ್ತು, ಗೂಡಿಗೆ ಇಳಿಯಲಿಲ್ಲ. ಅದು ತನ್ನ ಕೂಗಿನಿಂದ ನನಗೆ ಏನು ಹೇಳುತ್ತಿದೆ ಎಂಬುದು ಆಗ ನನಗೆ ತಿಳಿಯಲಿಲ್ಲ. ಮರುದಿನ ಹೋದಾಗ ಮೂರು ಮರಿಗಳಿದ್ದ ಗೂಡಿನಲ್ಲಿ ಒಂದೇ ಉಳಿದಿತ್ತು. ಉಳಿದೆರಡಕ್ಕೆ ಏನಾಯಿತೆಂದು ನಾನು ಕಣ್ಣಾರೆ ಕಾಣದಿದ್ದರೂ ಆ ಒಂದು ಗಂಟೆಯ ಭಾರ ನನ್ನ ಮೇಲೆಯೇ ಇದೆ. ಅಂದಿನಿಂದ ನಾನು ಗೂಡಿನ ಚಿತ್ರ ತೆಗೆದಿಲ್ಲ.

ಕಾನೂನಿನ ಮಾತೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆ ಎಂಬ ಪದವನ್ನು ವಿವರಿಸುವಾಗ ಕಾಡುಹಕ್ಕಿಗಳ ಮೊಟ್ಟೆಗಳಿಗೆ ಹಾನಿ ಮಾಡುವುದನ್ನಷ್ಟೇ ಅಲ್ಲದೆ ಅವುಗಳ ಮೊಟ್ಟೆ ಮತ್ತು ಗೂಡುಗಳನ್ನು ಕದಡುವುದನ್ನೂ ಅದರೊಳಗೆ ಸೇರಿಸಿದೆ. ಕ್ಯಾಮೆರಾ ಹಿಡಿದು ಗೂಡನ್ನು ಕದಡಿದವನೂ ಈ ವಿವರಣೆಯಿಂದ ಹೊರಗುಳಿಯುವುದಿಲ್ಲ.

ಎರಡನೆಯ ಹೆಜ್ಜೆ: ಹಕ್ಕಿಯ ಪಂಚಾಂಗ ತಿಳಿಯುವುದು

ಮರಿಗಳು ಯಾವಾಗ ಗೂಡು ಬಿಡುತ್ತವೆ ಎಂಬುದು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಎಲ್ಲ ಬೇಟೆಹಕ್ಕಿಗಳೂ ಒಂದೇ ಕಾಲಕ್ಕೆ ಮರಿಮಾಡುವುದಿಲ್ಲ. ಊರಿನ ಮೇಲೆ ಸುತ್ತುವ ಸಾಮಾನ್ಯ ಹದ್ದು ಹೆಚ್ಚಾಗಿ ಜನವರಿ, ಫೆಬ್ರುವರಿಯಲ್ಲಿ ಗೂಡಿಗೆ ಕೂಡುತ್ತದೆ. ಅದರ ಮರಿಗಳು ಸುಮಾರು ಎರಡು ತಿಂಗಳು ಗೂಡಿನಲ್ಲಿಯೇ ಇರುವುದರಿಂದ ಯುಗಾದಿಯ ನಂತರ ಹುಬ್ಬಳ್ಳಿಯ ದೊಡ್ಡ ಮರಗಳಲ್ಲಿ, ನೀರಿನ ಟ್ಯಾಂಕಿಗಳ ಮೇಲೆ ಎಳೆಯ ಹದ್ದುಗಳನ್ನು ಹುಡುಕಬೇಕು. ಉಣಕಲ್ ಮತ್ತು ಕೆಲಗೇರಿ ಕೆರೆಗಳ ಮೇಲೆ ಹಾರಾಡುವ ಗರುಡ ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಮರಿಮಾಡುತ್ತದೆ. ಕುರುಚಲು ಗುಡ್ಡಗಳ ಬಿಳಿಗಣ್ಣಿನ ಗಿಡುಗ ಫೆಬ್ರುವರಿಯಿಂದ ಮೇವರೆಗೆ ಗೂಡಿನಲ್ಲಿರುತ್ತದೆ.

ಧಾರವಾಡದವರಿಗೆ ಎಲ್ಲಕ್ಕಿಂತ ಹತ್ತಿರದ ಹಕ್ಕಿ ಶಿಕ್ರಾ. ವಿಶ್ವವಿದ್ಯಾಲಯಗಳ ಆವರಣ, ಹಳೆಯ ಬಂಗಲೆಗಳ ಅಂಗಳ, ಮಾವಿನ ತೋಪು, ಬೇವಿನ ಸಾಲು ಎಲ್ಲ ಕಡೆಯೂ ಅದು ಇದೆ. ಮಾರ್ಚ್‌ನಿಂದ ಜೂನ್‌ವರೆಗೆ ಗೂಡುಕಟ್ಟುವ ಈ ಹಕ್ಕಿಯ ಮೊಟ್ಟೆಗಳು ಒಡೆಯಲು ಸುಮಾರು ಮೂರು ವಾರ, ಮರಿಗಳು ಗೂಡು ಬಿಡಲು ಅಲ್ಲಿಂದ ಸುಮಾರು ನಾಲ್ಕು ವಾರ ಬೇಕು. ಏಪ್ರಿಲ್ ಮೊದಲ ವಾರ ನಿಮ್ಮ ಓಣಿಯಲ್ಲಿ ಶಿಕ್ರಾ ಕಡ್ಡಿ ಕಚ್ಚಿಕೊಂಡು ಹಾರಿದ್ದನ್ನು ಕಂಡರೆ ಗೂಡು ಎಲ್ಲಿದೆ ಎಂದು ಬೆನ್ನಟ್ಟದೆ ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಎರಡು ತಿಂಗಳ ನಂತರದ ದಿನಾಂಕಕ್ಕೆ ಕಾಯಬೇಕು. ಕಾರ ಹುಣ್ಣಿಮೆಯ ಹೊತ್ತಿಗೆ, ಮೊದಲ ಮಳೆಗಳು ಬಿದ್ದು ಗಿಡಗಳು ತೊಳೆದಂತೆ ಹಸಿರಾದಾಗ, ಆ ಮರಿಗಳು ತಾವಾಗಿಯೇ ಹೊರಬಂದು ಕೂಗಿ ತಮ್ಮ ಜಾಗವನ್ನು ಹೇಳುತ್ತವೆ. ಕಪ್ಪುರೆಕ್ಕೆಯ ಹದ್ದು ಮಾತ್ರ ಕಡುಬೇಸಗೆಯನ್ನು ಬಿಟ್ಟು ವರ್ಷದ ಬಹುಭಾಗ ಮರಿಮಾಡಬಲ್ಲದು. ಎರೆಸೀಮೆಯಲ್ಲಿ ಅದಕ್ಕೆ ಅನುಕೂಲದ ಕಾಲವೆಂದರೆ ಹೊಲದಲ್ಲಿ ಪೈರು ಇದ್ದು ಇಲಿ ಹೆಚ್ಚಿರುವ ಕಾಲ.

ಮೂರನೆಯ ಹೆಜ್ಜೆ: ಮರಿ ಯಾವುದು, ಹಿರಿಯದು ಯಾವುದು

ಗೂಡು ಬಿಟ್ಟ ಮರಿ ಗಾತ್ರದಲ್ಲಿ ಹಿರಿಯ ಹಕ್ಕಿಯಷ್ಟೇ ಇರುವುದರಿಂದ ಮೈಬಣ್ಣ ಮತ್ತು ಕಣ್ಣುಗಳನ್ನು ನೋಡಿ ಗುರುತಿಸಬೇಕು. ಹಿರಿಯ ಶಿಕ್ರಾದ ಬೆನ್ನು ಬೂದಿ, ಎದೆಯ ಮೇಲೆ ಕಂದುಗೆಂಪಿನ ತೆಳುವಾದ ಅಡ್ಡಪಟ್ಟಿಗಳು. ಮರಿಯ ಬೆನ್ನು ಕಂದು, ಎದೆಯ ತುಂಬ ಹನಿಹನಿಯಾಗಿ ಇಳಿದ ಉದ್ದನೆಯ ಕಂದು ಗುರುತುಗಳು, ಗಂಟಲಿನ ನಡುವೆ ಒಂದು ಗೆರೆ. ಹಿರಿಯ ಗಂಡಿನ ಕಣ್ಣು ಕೆಂಪು, ಮರಿಯದು ಹಳದಿ. ಕಪ್ಪುರೆಕ್ಕೆಯ ಹದ್ದಿನ ಮರಿಯ ನೆತ್ತಿ ಮತ್ತು ಎದೆಯ ಮೇಲೆ ಕಂದಿನ ಛಾಯೆ ಇರುತ್ತದೆ, ಬೆನ್ನಿನ ಗರಿಗಳ ಅಂಚು ತಿಳಿಯಾಗಿ ಮೀನಿನ ಹುರುಪೆಯಂತೆ ಕಾಣುತ್ತದೆ, ಕಣ್ಣು ಇನ್ನೂ ಪೂರ್ತಿ ಕೆಂಪಾಗಿರುವುದಿಲ್ಲ. ಬಿಳಿಗಣ್ಣಿನ ಗಿಡುಗದ ಮರಿಗೆ ಹೆಸರಿನಲ್ಲಿರುವ ಆ ಬಿಳಿಗಣ್ಣೇ ಇರುವುದಿಲ್ಲ. ಅದರ ಕಣ್ಣು ಕಂದು, ತಲೆ ತಿಳಿಬಣ್ಣ. ಗರುಡನ ಮರಿ ಮೈಯೆಲ್ಲ ಕಂದಾಗಿ ಸಾಮಾನ್ಯ ಹದ್ದನ್ನೇ ಹೋಲುವುದರಿಂದ ಹಲವರು ಮೋಸಹೋಗುತ್ತಾರೆ. ಬಾಲ ನೋಡಿದರೆ ಅನುಮಾನ ಬಗೆಹರಿಯುತ್ತದೆ, ಏಕೆಂದರೆ ಹದ್ದಿನ ಬಾಲದ ತುದಿ ಕವಲೊಡೆದಿರುತ್ತದೆ, ಗರುಡನದು ದುಂಡಾಗಿರುತ್ತದೆ.

ಎಲ್ಲ ಮರಿಗಳಿಗೂ ಹೊಂದುವ ಇನ್ನೊಂದು ಗುರುತಿದೆ. ಮರಿಯ ಗರಿಗಳೆಲ್ಲ ಒಂದೇ ಕಾಲಕ್ಕೆ ಹುಟ್ಟಿದವಾದ್ದರಿಂದ ರೆಕ್ಕೆಯ ಅಂಚು ನೀಟಾಗಿ, ಸವೆಯದೆ, ಒಂದೇ ಹೊಳಪಿನಲ್ಲಿರುತ್ತದೆ. ಹಿರಿಯ ಹಕ್ಕಿಯ ರೆಕ್ಕೆಯಲ್ಲಿ ಹಳೆಯ ಮಾಸಿದ ಗರಿಗಳ ನಡುವೆ ಹೊಸ ಗರಿಗಳು ಬೆರೆತಿರುತ್ತವೆ. ಹಾರುವ ಹಕ್ಕಿಯ ಚಿತ್ರ ತೆಗೆದು ಮನೆಯಲ್ಲಿ ದೊಡ್ಡದಾಗಿ ನೋಡುವಾಗ ಈ ಗುರುತು ಬಹಳ ನೆರವಾಗುತ್ತದೆ.

ನಾಲ್ಕನೆಯ ಹೆಜ್ಜೆ: ಸಲಕರಣೆ ಮತ್ತು ದೂರದ ಲೆಕ್ಕ

ಉದ್ದನೆಯ ಲೆನ್ಸ್ ಬೇಕು. 400 ಮಿಲಿಮೀಟರಿನಿಂದ 600 ಮಿಲಿಮೀಟರಿನವರೆಗಿನ ಜೂಮ್ ಲೆನ್ಸ್ ಒಂದಿದ್ದರೆ ಸಾಕು, ಅದಕ್ಕಿಂತ ದುಬಾರಿಯದಕ್ಕೆ ಸಾಲ ಮಾಡುವ ಅಗತ್ಯವಿಲ್ಲ. ಫುಲ್ ಫ್ರೇಮ್, ಅಂದರೆ ದೊಡ್ಡ ಸೆನ್ಸರಿನ ಕ್ಯಾಮೆರಾದಲ್ಲಿ 600 ಮಿಲಿಮೀಟರ್ ಲೆನ್ಸ್ ಹಾಕಿ 50 ಮೀಟರ್ ದೂರದಿಂದ ನೋಡಿದರೆ ಚೌಕಟ್ಟಿನ ಅಗಲ 3 ಮೀಟರ್ ಆಗುತ್ತದೆ. ಕ್ರಾಪ್ ಸೆನ್ಸರಿನ, ಅಂದರೆ ಅದಕ್ಕಿಂತ ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲಿ ಅದೇ ದೂರಕ್ಕೆ ಸುಮಾರು 2 ಮೀಟರ್. ಕಪ್ಪುರೆಕ್ಕೆಯ ಹದ್ದಿನ ಉದ್ದ ಸುಮಾರು 33 ಸೆಂಟಿಮೀಟರ್, ಅಂದರೆ ಕ್ರಾಪ್ ಸೆನ್ಸರಿನಲ್ಲಿ ಅದು ಚೌಕಟ್ಟಿನ ಆರನೆಯ ಒಂದು ಭಾಗವನ್ನು ತುಂಬುತ್ತದೆ. ಜಾಲಿಗಿಡ, ಬದು, ಜೋಳದ ತೆನೆಗಳ ಸಾಲು ಇವೆಲ್ಲ ಸೇರಿದ ಒಳ್ಳೆಯ ಚಿತ್ರಕ್ಕೆ ಇಷ್ಟು ಗಾತ್ರ ಧಾರಾಳವಾಗಿ ಸಾಕು. ಹಕ್ಕಿಯ ಮುಖವೊಂದೇ ತುಂಬಿದ ಚಿತ್ರಕ್ಕಾಗಿ ಹತ್ತಿರ ಹೋಗುವ ಹಂಬಲವನ್ನು ಬಿಟ್ಟರೆ 50 ಮೀಟರ್ ದೂರವೆಂಬುದು ತೊಡಕಲ್ಲ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಟ್ರೈಪಾಡಿಗಿಂತ ಬೀನ್ ಬ್ಯಾಗ್ ನಮ್ಮ ಹೊಲಗಳಿಗೆ ಹೆಚ್ಚು ಒಗ್ಗುತ್ತದೆ. ದಪ್ಪ ಬಟ್ಟೆಯಲ್ಲಿ ದಿಂಬಿನಂತೆ ಹೊಲಿಸಿ ಎರಡು ಮೂರು ಕಿಲೋ ಜೋಳ ತುಂಬಿ ಕಾರಿನ ಕಿಟಕಿಯ ಮೇಲಿಟ್ಟರೆ ಭಾರವಾದ ಲೆನ್ಸ್ ಅಲುಗದೆ ಕೂಡುತ್ತದೆ. ಬೈನಾಕ್ಯುಲರ್ ಒಂದು ಕಡ್ಡಾಯ. ಚಿತ್ರ ತೆಗೆಯುವ ಮೊದಲು ಅರ್ಧ ಗಂಟೆ ನೋಡುವ ಕೆಲಸ ಅದರದು. ಡ್ರೋನ್ ಮಾತ್ರ ಮನೆಯಲ್ಲಿಯೇ ಇರಲಿ, ಹಾರಿ ಬರುವ ಯಾವುದೇ ವಸ್ತುವನ್ನು ಬೇಟೆಹಕ್ಕಿ ಶತ್ರುವೆಂದೇ ಎಣಿಸುತ್ತದೆ.

ಐದನೆಯ ಹೆಜ್ಜೆ: ಹುಡುಕುವುದು ಮತ್ತು ಹತ್ತಿರ ಸರಿಯುವುದು

ಹುಡುಕಾಟ ಕಿವಿಯಿಂದ ಆರಂಭವಾಗಬೇಕು. ಹಸಿದ ಮರಿಗಳ ಕೂಗು ಹಿರಿಯ ಹಕ್ಕಿಯ ಕೂಗಿಗಿಂತ ಹೆಚ್ಚು ಕೀಚಲು, ಒಂದೇ ಲಯದಲ್ಲಿ ಎಷ್ಟೋ ಹೊತ್ತು ಮುಂದುವರಿಯುತ್ತದೆ. ನಂತರ ಕೇಳಬೇಕಾದದ್ದು ಹೊಲದವರನ್ನು. ಕಳೆದ ಚಳಿಗಾಲದಲ್ಲಿ ರೋಣದ ಹತ್ತಿರ ಕಡಲೆ ಹೊಲದ ಬದುವಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು, ನಾನು ಕೇಳುವ ಮೊದಲೇ, “ಆ ಬನ್ನಿಗಿಡದಾಗ ನೋಡ್ರಿ ತಮ್ಮಾ, ಹದ್ದಿನ ಮರಿ ನಸುಕಿನಾಗಿಂದ ಒದರಾಕತ್ತಾವು, ಅವರಪ್ಪ ಇನ್ನಾ ಇಲಿ ತಂದಿಲ್ಲ” ಎಂದರು. ಅರ್ಧ ದಿನ ಅಲೆದರೂ ನನಗೆ ಸಿಗದಿದ್ದ ವಿವರಗಳೆಲ್ಲ ಆ ಒಂದು ಮಾತಿನಲ್ಲಿದ್ದವು. ಹೊಲಕ್ಕೆ ಕಾಲಿಡುವ ಮೊದಲು ಒಡೆಯರ ಒಪ್ಪಿಗೆ ಪಡೆಯಬೇಕು, ಕಡಲೆ ತುಳಿಯದೆ ಬದುವಿನ ಮೇಲೆಯೇ ನಡೆಯಬೇಕು, ತೆಗೆದ ಚಿತ್ರವನ್ನು ಅವರಿಗೆ ಅಲ್ಲಿಯೇ ತೋರಿಸಬೇಕು. ಇಲಿ ತಿನ್ನುವ ಈ ಹಕ್ಕಿ ತಮ್ಮ ಬೆಳೆಯ ಕಾವಲುಗಾರನೆಂದು ತಿಳಿದ ರೈತ ಬದುವಿನ ಗಿಡವನ್ನು ಕಡಿಯುವ ಮೊದಲು ಒಮ್ಮೆ ಯೋಚಿಸುತ್ತಾನೆ. ಮಳೆಯಾದ ಮರುದಿನ ಎರೆಹೊಲದ ಬಂಡಿದಾರಿಗೆ ಕಾರು ಇಳಿಸಬಾರದು ಎಂಬುದನ್ನೂ ಸೇರಿಸಿ ಹೇಳುತ್ತೇನೆ. ಹಸಿ ಎರೆಮಣ್ಣಿನಲ್ಲಿ ಹೂತ ಗಾಲಿಯನ್ನು ಎಳೆಯಲು ಟ್ರ್ಯಾಕ್ಟರೇ ಬರಬೇಕಾಗುತ್ತದೆ, ಆ ಗದ್ದಲಕ್ಕೆ ಹಕ್ಕಿ ಆ ದಿನ ಮರಳುವುದಿಲ್ಲ.

ಬಿತ್ತುವ, ಎಡೆ ಹೊಡೆಯುವ, ಕಳೆ ಕೀಳುವ ಜನರ ನಡುವೆಯೇ ಬೆಳೆದ ಈ ಹಕ್ಕಿಗಳು ತಮ್ಮ ಪಾಡಿಗೆ ಕೆಲಸ ಮಾಡುವವರಿಗೆ ಅಷ್ಟಾಗಿ ಹೆದರುವುದಿಲ್ಲ. ನಿಂತು ತಮ್ಮನ್ನೇ ದಿಟ್ಟಿಸುವವರಿಗೆ, ನೇರವಾಗಿ ತಮ್ಮ ಕಡೆಗೆ ನಡೆದು ಬರುವವರಿಗೆ ಹೆದರುತ್ತವೆ. ಆದ್ದರಿಂದ ಕಾರಿನಲ್ಲಿದ್ದರೆ ಕಾರಿನಲ್ಲಿಯೇ ಕುಳಿತು, ಗಿಡವನ್ನು ದಾಟಿ ಹೋಗುವ ದಾರಿಹೋಕರಂತೆ ಓರೆಯಾಗಿ ಸಾಗಿ, ದೂರದಲ್ಲಿ ಎಂಜಿನ್ ಆರಿಸಿ ಕಾಯಬೇಕು. ಬೈಕಿನಲ್ಲಿ ಹೋಗುವವರು ಬೈಕನ್ನು ರಸ್ತೆಯಲ್ಲಿ ಬಿಟ್ಟು, ಬೇವಿನ ಗಿಡವನ್ನೋ ಹೊಲದ ಗುಡಿಸಲನ್ನೋ ಬೆನ್ನಿಗಿಟ್ಟುಕೊಂಡು ನೆಲಕ್ಕೆ ಕುಳಿತುಬಿಡಬೇಕು. ಆಗ ಮನುಷ್ಯನ ಆಕಾರ ಬಯಲಿನಲ್ಲಿ ಎದ್ದು ಕಾಣುವುದಿಲ್ಲ. ಮೊದಲ ಇಪ್ಪತ್ತು ನಿಮಿಷ ಕ್ಯಾಮೆರಾ ಎತ್ತದಿರುವುದು ಒಳ್ಳೆಯದು.

ಎಷ್ಟು ಮೀಟರ್ ದೂರ ಸರಿ ಎಂಬುದಕ್ಕೆ ಹಕ್ಕಿಯೇ ಉತ್ತರ ಕೊಡುತ್ತದೆ. ಮರಿ ಗರಿ ಕೆದರಿ ಸಡಿಲವಾಗಿ ಕುಳಿತು, ಒಂಟಿಕಾಲಿನಲ್ಲಿ ನಿಂತು, ಗರಿ ತಿದ್ದಿಕೊಳ್ಳುತ್ತಿದ್ದರೆ ಅದಕ್ಕೆ ನಮ್ಮ ಚಿಂತೆಯಿಲ್ಲ. ಗರಿಗಳನ್ನು ಮೈಗೆ ಅಂಟಿಸಿಕೊಂಡು ಸಣ್ಣದಾಗಿ, ಕತ್ತು ಉದ್ದ ಮಾಡಿ ನಮ್ಮತ್ತಲೇ ನೋಡಿದರೆ ಅಲ್ಲಿಗೇ ನಿಲ್ಲಬೇಕು. ಮುಂದಕ್ಕೆ ಬಾಗಿ ಹಿಕ್ಕೆ ಹಾಕಿದರೆ ಅದು ಹಾರುವ ಸಿದ್ಧತೆಯಲ್ಲಿದೆ ಎಂದರ್ಥ, ನಾವು ಆಗಲೇ ತಪ್ಪು ಮಾಡಿದ್ದೇವೆ. ಎಲ್ಲಕ್ಕಿಂತ ಮುಖ್ಯವಾದ ಸೂಚನೆ ಹಿರಿಯ ಹಕ್ಕಿಯದು. ಅದು ಕಾಲಲ್ಲಿ ಬೇಟೆ ಹಿಡಿದು ಗಿಡದ ಮೇಲೆ ಸುತ್ತು ಹಾಕುತ್ತ ಇಳಿಯದಿದ್ದರೆ, ಅಥವಾ ದೂರದ ಕಂಬದ ಮೇಲೆ ಕುಳಿತು ಕೂಗುತ್ತಿದ್ದರೆ, ತಡಮಾಡದೆ ಎದ್ದು ಹಿಂದೆ ಸರಿಯಬೇಕು. ಒಂದು ಹೊತ್ತಿನ ಆಹಾರ ತಪ್ಪಿದ ಎಳೆಯ ಹಕ್ಕಿಗೆ ಅಂದಿನ ಹಾರಾಟದ ಶಕ್ತಿ ಕುಂದುತ್ತದೆ. ಧ್ವನಿಮುದ್ರಿಕೆ ಹಾಕಿ ಕರೆಯುವುದು, ಇಲಿ ಕಟ್ಟಿ ಆಸೆ ತೋರಿಸುವುದು, ಕಲ್ಲು ಎಸೆದು ಹಾರಿಸುವುದು ಇವುಗಳನ್ನು ನಾನು ಛಾಯಾಗ್ರಹಣವೆಂದು ಕರೆಯಲಾರೆ.

ಆರನೆಯ ಹೆಜ್ಜೆ: ಬೆಳಕು, ಗಾಳಿ, ಕ್ಯಾಮೆರಾದ ಹೊಂದಿಕೆ

ಎರೆಸೀಮೆಯ ಬೆಳಕಿಗೆ ತನ್ನದೇ ಸ್ವಭಾವವಿದೆ. ಕಪ್ಪು ಮಣ್ಣು ಬೆಳಕನ್ನು ಮೇಲಕ್ಕೆ ಚಿಮ್ಮಿಸುವುದಿಲ್ಲವಾದ್ದರಿಂದ ಸೂರ್ಯ ನೆತ್ತಿಗೇರಿದ ಮೇಲೆ ಹಾರುವ ಹಕ್ಕಿಯ ಹೊಟ್ಟೆ, ರೆಕ್ಕೆಯ ಅಡಿಭಾಗ ಕತ್ತಲಾಗಿಬಿಡುತ್ತದೆ. ಸೂರ್ಯ ಕೆಳಗಿರುವ ಮೊದಲ ಎರಡು ಗಂಟೆ ಮತ್ತು ಕೊನೆಯ ಎರಡು ಗಂಟೆ ಮಾತ್ರ ಓರೆ ಬೆಳಕು ರೆಕ್ಕೆಯ ಕೆಳಗೂ ತಲುಪುತ್ತದೆ. ಬೇಸಗೆಯಲ್ಲಿ ಇನ್ನೂ ಒಂದು ತೊಡಕಿದೆ. ಕಪ್ಪು ನೆಲ ಬೇಗ ಕಾಯುವುದರಿಂದ ಬೆಳಗಿನ ಒಂಬತ್ತು ಗಂಟೆಯ ಹೊತ್ತಿಗೆ ನೆಲದ ಮೇಲಿನ ಗಾಳಿ ಕುದಿಯುವಂತೆ ಅಲುಗತೊಡಗುತ್ತದೆ. ಬಿಸಿಲ್ಗುದುರೆ ಎದ್ದ ಮೇಲೆ ಎಷ್ಟೇ ಬೆಲೆಯ ಲೆನ್ಸ್ ಹಾಕಿದರೂ ದೂರದ ಹಕ್ಕಿಯ ಕಣ್ಣು ಚೂಪಾಗಿ ಮೂಡುವುದಿಲ್ಲ. ಹಲವರು ಆಗ ಲೆನ್ಸನ್ನು ದೂರುತ್ತಾರೆ, ಫೋಕಸ್ ತಿದ್ದುತ್ತ ಕೂಡುತ್ತಾರೆ, ತಪ್ಪು ಗಾಳಿಯದು. ಇದೇ ತೊಡಕು ಚಳಿಗಾಲದ ನಸುಕಿನಲ್ಲಿಯೂ ಕಾರಿನ ಕಿಟಕಿಯಲ್ಲಿ ಎದುರಾಗುತ್ತದೆ. ಒಳಗಿನ ಬೆಚ್ಚನೆಯ ಗಾಳಿ ಹೊರಗಿನ ತಣ್ಣನೆಯ ಗಾಳಿಯೊಂದಿಗೆ ಲೆನ್ಸಿನ ಮುಂದೆಯೇ ಬೆರೆಯುವುದರಿಂದ ಚಿತ್ರ ಮಂಜಾಗುತ್ತದೆ. ಕಿಟಕಿಗಳನ್ನು ಹತ್ತು ನಿಮಿಷ ಮೊದಲೇ ತೆರೆದಿಟ್ಟರೆ ಇದು ತಪ್ಪುತ್ತದೆ.

ಬೇಟೆಹಕ್ಕಿಗಳು ಗಾಳಿಗೆದುರಾಗಿ ನಿಧಾನವಾಗಿ ಹಾರುತ್ತವೆ, ಗಾಳಿಗೆದುರಾಗಿಯೇ ಕೊಂಬೆಗೆ ಇಳಿಯುತ್ತವೆ. ಗಾಳಿಯೂ ಬೆಳಕೂ ನಮ್ಮ ಬೆನ್ನಿನಿಂದ ಬಂದರೆ ಹಕ್ಕಿ ಬೆಳಗಿದ ಮುಖದೊಂದಿಗೆ ನಮ್ಮತ್ತಲೇ ಹಾರಿ ಬರುತ್ತದೆ. ನಮ್ಮ ಸೀಮೆಯಲ್ಲಿ ಚಳಿಗಾಲದಲ್ಲಿ ಬೀಸುವುದು ಹೆಚ್ಚಾಗಿ ಮೂಡಗಾಳಿ, ಹಾಗಾಗಿ ಪೂರ್ವಕ್ಕೆ ಬೆನ್ನು ಮಾಡಿ ಕೂತರೆ ಬೆಳಗಿನ ಹೊತ್ತು ಎರಡೂ ಒಟ್ಟಿಗೆ ಒದಗುತ್ತವೆ. ಮಳೆಗಾಲದ ಪಡುವಣ ಗಾಳಿಯಲ್ಲಿ ಇದೇ ಲೆಕ್ಕ ತಿರುಗುಮುರುಗಾಗಿ, ಮೋಡ ಸರಿದ ಸಂಜೆಗಳು ಒಳ್ಳೆಯವಾಗುತ್ತವೆ.

ಕುಳಿತ ಮರಿಗೆ 1/800 ಸೆಕೆಂಡಿನ ಶಟರ್ ವೇಗ ಸಾಕಾದರೂ ಎಳೆಯ ಹಕ್ಕಿ ಮುನ್ಸೂಚನೆಯಿಲ್ಲದೆ ರೆಕ್ಕೆ ಬಡಿಯುತ್ತದೆ, ಪಕ್ಕದ ಕೊಂಬೆಗೆ ಜಿಗಿದು ತೂಕ ತಪ್ಪಿ ತೂಗಾಡುತ್ತದೆ. ಆ ಗಳಿಗೆಯೇ ನಿಜವಾದ ಚಿತ್ರವಾದ್ದರಿಂದ ನಾನು 1/2000 ಸೆಕೆಂಡಿಗಿಂತ ಕೆಳಗೆ ಇಳಿಯುವುದಿಲ್ಲ. ಹಾರಾಟಕ್ಕೆ 1/2500ರಿಂದ 1/3200. ಅಪರ್ಚರ್ ಎಫ್ 6.3 ಅಥವಾ ಎಫ್ 7.1 ಇಟ್ಟು, ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯನ್ನು ಹೇಳುವ ಐಎಸ್ಒವನ್ನು ಆಟೋದಲ್ಲಿ ಬಿಟ್ಟು, ನಿಮ್ಮ ಕ್ಯಾಮೆರಾ ತಾಳುವ ಮಟ್ಟಕ್ಕೆ ಅದರ ಮೇಲ್ಮಿತಿ ಕಟ್ಟಬೇಕು. ಕರಿಯ ಉಳುಮೆಯ ಹಿನ್ನೆಲೆಯಲ್ಲಿ ಬಿಳಿಮೈಯ ಕಪ್ಪುರೆಕ್ಕೆಯ ಹದ್ದಿನ ಮರಿ ಕೂತಾಗ ಕ್ಯಾಮೆರಾ ಕಪ್ಪಿಗೆ ಮೋಸಹೋಗಿ ಬೆಳಕನ್ನು ಹೆಚ್ಚಿಸುತ್ತದೆ, ಎದೆಯ ಮೇಲಿನ ತೆಳುಗಂದು ಛಾಯೆ ಸುಟ್ಟು ಬೆಳ್ಳಗಾಗುತ್ತದೆ. ಆ ಛಾಯೆಯೇ ಮರಿಯ ಗುರುತಾದ್ದರಿಂದ ಎಕ್ಸ್‌ಪೋಶರನ್ನು ಮೂರನೆಯ ಎರಡರಷ್ಟು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಅಥವಾ ಅರ್ಧವಾಗುವಷ್ಟು) ತಗ್ಗಿಸಬೇಕು. ಇದಕ್ಕೆ ವಿರುದ್ಧವಾಗಿ ಮೋಡದ ಆಕಾಶದಲ್ಲಿ ಹಾರುವ ಕಂದು ಹದ್ದಿಗೆ ಒಂದರಿಂದ ಒಂದೂವರೆ ಸ್ಟಾಪ್ ಏರಿಸಬೇಕು. ಎಲೆ, ಮುಳ್ಳುಗಳ ನಡುವೆ ಕ್ಯಾಮೆರಾದ ಕಣ್ಣುಗುರುತಿಸುವ ಫೋಕಸ್ ದಾರಿತಪ್ಪಿದರೆ ಒಂದೇ ಬಿಂದುವಿನ ಫೋಕಸ್‌ಗೆ ಮರಳಬೇಕು. ತಂದೆಯಿಂದ ಮರಿ ಆಹಾರ ಪಡೆಯುವ ಗಳಿಗೆಗೆ ಜೂಮನ್ನು 600ರಿಂದ 400ಕ್ಕೆ ಇಳಿಸಿಟ್ಟುಕೊಂಡು ಕಾಯಬೇಕು, ಇಲ್ಲದಿದ್ದರೆ ಒಂದು ಹಕ್ಕಿಯ ರೆಕ್ಕೆ ಚೌಕಟ್ಟಿನ ಹೊರಗೆ ಉಳಿಯುತ್ತದೆ. ಆ ಗಳಿಗೆ ಹತ್ತಿರವಾಯಿತೆಂಬುದನ್ನು ಮರಿಗಳ ಕೂಗು ಒಮ್ಮೆಲೇ ಏರುವುದರಿಂದ ತಿಳಿಯಬಹುದು. ತಂದೆಯನ್ನು ಅವು ನಮಗಿಂತ ಬಹಳ ಮೊದಲೇ ಕಂಡಿರುತ್ತವೆ.

ಗೂಬೆಮರಿಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ

ನವೆಂಬರಿನಿಂದ ಏಪ್ರಿಲ್‌ವರೆಗೆ ಮರಿಮಾಡುವ ಹಾಲಕ್ಕಿ ಎಂಬ ಸಣ್ಣ ಗೂಬೆ ಹಳೆಯ ಆಲ, ಹುಣಸೆ ಮರಗಳ ಪೊಟರೆಗಳಲ್ಲಿರುತ್ತದೆ. ಮರಿಗಳು ದೊಡ್ಡವಾದ ಮೇಲೆ ಮುಸ್ಸಂಜೆಗೆ ಪೊಟರೆಯ ಬಾಯಿಗೆ ಬಂದು ಕೂತು ತಲೆ ಕುಣಿಸುತ್ತ ಹೊರಗೆ ನೋಡುವ ಹೊತ್ತಿಗೆ ದೂರದಿಂದ, ಉಳಿದಿರುವ ಬೆಳಕಿನಲ್ಲಿಯೇ ಚಿತ್ರ ತೆಗೆಯಬೇಕು. ಫ್ಲ್ಯಾಶ್, ಟಾರ್ಚ್ ಎರಡೂ ಬೇಡ. ಬೆಳಕು ಮುಗಿದರೆ ಆ ದಿನದ ಕೆಲಸವೂ ಮುಗಿಯಿತು.

ಕಪ್ಪತಗುಡ್ಡದಂತಹ ಕಲ್ಲುಗುಡ್ಡಗಳ ಕೊರಕಲುಗಳಲ್ಲಿ ಇರುವ ಕೊಂಬಿನ ಗೂಬೆಯದು ಬೇರೆಯೇ ಕಥೆ. ಅದು ಗೂಡು ಕಟ್ಟದೆ ಬಂಡೆಯ ಚಾಚಿನ ಮೇಲೋ ಮಣ್ಣಿನ ದಂಡೆಯ ಪೊಳ್ಳಿನಲ್ಲೋ ಬರಿ ನೆಲಕ್ಕೆ ಮೊಟ್ಟೆಯಿಡುತ್ತದೆ. ಮರಿಗಳು ಹಾರಲು ಬರುವ ಮೊದಲೇ ನಡೆದು ಹೊರಬಂದು ಸುತ್ತಲಿನ ಪೊದೆಗಳಲ್ಲಿ ಅಡಗುತ್ತವೆ. ಅವುಗಳ ಬಣ್ಣ ಕಲ್ಲಿನಲ್ಲಿ ಬೆರೆತುಹೋಗುವುದರಿಂದ ಮೇಲಿನಿಂದ ಇಳಿದುಹೋಗುವವರು ಅವನ್ನು ತುಳಿಯುವ ಅಪಾಯವೇ ಇದೆ. ಕೊರಕಲಿನ ಒಂದು ದಂಡೆಯಲ್ಲಿ ಗೂಬೆಯಿದ್ದರೆ ಎದುರಿನ ದಂಡೆಯಲ್ಲಿ ಕೂರಬೇಕು, ಇಳಿಯಬಾರದು. ಕಪ್ಪತಗುಡ್ಡದ ಸುಮಾರು 244 ಚದರ ಕಿಲೋಮೀಟರ್ ಪ್ರದೇಶ 2019ರಲ್ಲಿ ವನ್ಯಜೀವಿಧಾಮವಾಗಿದೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಿಂದಲೇ ಇದೆ. ಇಂತಹ ಕಡೆ ಛಾಯಾಗ್ರಹಣಕ್ಕಾಗಿ ಹೋಗಲು ಅರಣ್ಯ ಇಲಾಖೆಯ ಅನುಮತಿ ಪಡೆಯಲೇಬೇಕು.

ಗೂಬೆಗಳನ್ನು ವಾಮಾಚಾರಕ್ಕಾಗಿ ಹಿಡಿದು ಮಾರುವ ದಂಧೆ ನಮ್ಮ ದೇಶದಲ್ಲಿ ಇನ್ನೂ ನಿಂತಿಲ್ಲ, ದೀಪಾವಳಿಯ ಹೊತ್ತಿಗೆ ಅದು ಹೆಚ್ಚುತ್ತದೆ. ಹಾಗಾಗಿ ಗೂಬೆಮರಿ ಕಂಡ ಜಾಗವನ್ನು ಆಪ್ತ ಗೆಳೆಯರಿಗೂ ಹೇಳದಿರುವುದು ನನ್ನ ನಿಯಮ.

ಚಳಿಗಾಲದ ಎಳೆಯ ಅತಿಥಿಗಳು

ಗೂಡಿನ ಪ್ರಶ್ನೆಯೇ ಏಳದೆ ಎಳೆಯ ಬೇಟೆಹಕ್ಕಿಗಳನ್ನು ಮನದಣಿಯೆ ಚಿತ್ರಿಸಬಯಸುವವರಿಗೆ ಸೆಳೆವಗಳಿಗಿಂತ ಒಳ್ಳೆಯ ಹಕ್ಕಿಗಳಿಲ್ಲ. ಛಾಯಾಗ್ರಾಹಕರ ನಡುವೆ ಹ್ಯಾರಿಯರ್ ಎಂದೇ ರೂಢಿಯಲ್ಲಿರುವ ಇವು ದೂರದ ಉತ್ತರ ದೇಶಗಳಲ್ಲಿ ಮರಿಮಾಡಿ ಸೀಗೆ ಹುಣ್ಣಿಮೆಯ ಸುಮಾರಿಗೆ ನಮ್ಮ ಹೊಲಗಳಿಗೆ ಇಳಿಯುತ್ತವೆ, ಮಾರ್ಚ್, ಏಪ್ರಿಲ್‌ನಲ್ಲಿ ಮರಳುತ್ತವೆ. ಅದೇ ವರ್ಷ ಹುಟ್ಟಿ, ಮೊದಲ ಬಾರಿಗೆ ಸಾವಿರಾರು ಕಿಲೋಮೀಟರ್ ಹಾರಿ ಬಂದ ಎಳೆಯ ಹಕ್ಕಿಗಳು ಅವುಗಳಲ್ಲಿರುತ್ತವೆ. ಮೊಂಟಾಗು ಸೆಳೆವ ಮತ್ತು ಬಿಳಿ ಸೆಳೆವಗಳ ಎಳೆಯವುಗಳ ಹೊಟ್ಟೆ ಗೆರೆಗಳಿಲ್ಲದ ಕಿತ್ತಳೆಗಂದು. ಇವೆರಡರಲ್ಲಿ ಬಿಳಿ ಸೆಳೆವದ ಕೆನ್ನೆಯ ಕಪ್ಪಿನ ಹಿಂದೆ ತಿಳಿಬಣ್ಣದ ಕೊರಳಪಟ್ಟಿ ಸ್ಪಷ್ಟವಾಗಿ ಕಾಣುತ್ತದೆ. ಶಿರಹಟ್ಟಿ ಸೀಮೆಯ ಮಾಗಡಿ ಕೆರೆ 2024ರಲ್ಲಿ ಜಗತ್ತಿನ ಮಹತ್ವದ ಜೌಗುಭೂಮಿಗಳ ರಾಮ್‌ಸರ್ ಪಟ್ಟಿಗೆ ಸೇರಿದ್ದು ಪಟ್ಟೆತಲೆಯ ಹೆಬ್ಬಾತುಗಳಿಂದ ಹೆಸರಾಗಿದ್ದರೂ, ಅಂತಹ ಕೆರೆಯಂಚುಗಳಲ್ಲಿ ಜೌಗು ಸೆಳೆವವನ್ನೂ ಹುಡುಕಬೇಕು. ಅದರ ಎಳೆಯದು ಗಾಢ ಕಂದು, ನೆತ್ತಿ ಮಾತ್ರ ಕೆನೆಬಣ್ಣ.

ಸೆಳೆವ ಕಡಲೆ ಹೊಲದ ಮೇಲೆ ಆಳೆತ್ತರದಲ್ಲಿ, ಬದುಗಳನ್ನು ಅನುಸರಿಸಿ, ಮಿಡತೆ ಇಲಿಗಳನ್ನು ಹುಡುಕುತ್ತ ತೇಲಿ ಬರುತ್ತದೆ. ಅದನ್ನು ಬೈಕಿನಲ್ಲಿ ಬೆನ್ನಟ್ಟಿದರೆ ಬಾಲವಷ್ಟೇ ಸಿಗುತ್ತದೆ. ಒಂದು ಬದುವನ್ನು ಆರಿಸಿಕೊಂಡು, ಮೇಲೆ ಹೇಳಿದಂತೆ ಗಾಳಿಗೆ ಬೆನ್ನು ಕೊಟ್ಟು, ತಗ್ಗಾಗಿ ಕುಳಿತರೆ ಕೆಲವೊಮ್ಮೆ ಅದು 20 ಮೀಟರಿನೊಳಗೆ ಹಾದುಹೋಗುತ್ತದೆ. ಸಂಜೆ ಅವು ಹುಲ್ಲಿನ ನಡುವೆ ನೆಲದ ಮೇಲೆ ಗುಂಪಾಗಿ ತಂಗುತ್ತವೆ. ಆ ಹುಲ್ಲಿನೊಳಗೆ ಕಾಲಿಡುವುದು, ಹೆಡ್‌ಲೈಟ್ ಹಾಯಿಸುವುದು ಇಡೀ ಗುಂಪನ್ನು ಕತ್ತಲಲ್ಲಿ ಎಬ್ಬಿಸಿದಂತೆ.

ನೆಲಕ್ಕೆ ಬಿದ್ದ ಮರಿ ಸಿಕ್ಕರೆ

ಗರಿ ತುಂಬಿದ ಮರಿ ತಗ್ಗಿನ ಕೊಂಬೆಯಲ್ಲಿಯೋ ಬೇಲಿಯ ಮೇಲೋ ಕೂತಿದ್ದರೆ ಅದು ಅನಾಥವಲ್ಲ, ತಂದೆತಾಯಿ ಸುತ್ತಮುತ್ತಲೇ ಇರುತ್ತವೆ. ಅದನ್ನು ಎತ್ತಿಕೊಂಡು ಮನೆಗೆ ತರುವವರು ಒಳ್ಳೆಯ ಮನಸ್ಸಿನಿಂದಲೇ ಅದರ ಬದುಕನ್ನು ಕೆಡಿಸುತ್ತಾರೆ. ನಾಯಿ, ಮಕ್ಕಳು ಬರದಂತೆ ದೂರದಿಂದ ಕಾಯ್ದರೆ ಸಾಕು. ತುಪ್ಪುಳಿನ ಎಳೆಯ ಮರಿ ನೆಲದಲ್ಲಿದ್ದರೆ ಅಥವಾ ರೆಕ್ಕೆ ಜೋತುಬಿದ್ದಿದ್ದರೆ, ದಪ್ಪ ಬಟ್ಟೆಯಲ್ಲಿ ಹಿಡಿದು ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ ಕತ್ತಲಾಗಿಟ್ಟು, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಬೇಕು. ಬಾಯಿಗೆ ನೀರು ಹನಿಸಬಾರದು, ಅದು ಶ್ವಾಸನಾಳಕ್ಕೆ ಇಳಿಯಬಹುದು. ಹಾಲು, ಅನ್ನ ಕೊಡಬಾರದು. ಈ ಹೊತ್ತಿನಲ್ಲಿ ಕ್ಯಾಮೆರಾ ಚೀಲದೊಳಗಿರಲಿ.

ಕೊನೆಯ ಹೆಜ್ಜೆ: ಚಿತ್ರವನ್ನು ಹಂಚುವುದು, ದಾಖಲಿಸುವುದು

ಫೋನಿನ, ಕ್ಯಾಮೆರಾದ ಜಿಪಿಎಸ್ ಗುರುತು ಚಿತ್ರದ ಕಡತದೊಳಗೆ ಸೇರಿರುತ್ತದೆಯಾದ್ದರಿಂದ ಹಂಚುವ ಮೊದಲು ಅದನ್ನು ಅಳಿಸಬೇಕು. ಊರಿನ ಹೆಸರಿನ ಬದಲು ಜಿಲ್ಲೆಯ ಹೆಸರಷ್ಟೇ ಬರೆದರೆ ಸಾಕು. ಹಿನ್ನೆಲೆಯಲ್ಲಿ ಗುಡಿಯ ಗೋಪುರವೋ ಗಾಳಿಯಂತ್ರದ ಕಂಬವೋ ಕಾಣುತ್ತಿದ್ದರೆ ಅದೂ ವಿಳಾಸವೇ. ಮರಿಗಳು ಆ ಗಿಡ ಬಿಟ್ಟು ಚದುರಿದ ಮೇಲೆ, ಅಂದರೆ ಎರಡು ಮೂರು ತಿಂಗಳು ತಡೆದು ಚಿತ್ರ ಹಾಕುವುದು ಇನ್ನೂ ಒಳ್ಳೆಯದು. ಇಬರ್ಡ್‌ನಂತಹ ಹಕ್ಕಿ ದಾಖಲೆಯ ಜಾಲತಾಣಗಳಲ್ಲಿ ಅಪಾಯದಲ್ಲಿರುವ ಕೆಲವು ಹಕ್ಕಿಗಳ ಜಾಗವನ್ನು ತಾಣವೇ ಮರೆಮಾಡುತ್ತದೆ, ಆದರೆ ಸಾಮಾನ್ಯ ಹಕ್ಕಿಗಳಿಗೆ ಆ ರಕ್ಷಣೆ ಇರುವುದಿಲ್ಲ.

ಮೇಲ್ಕಂಡ ವಿವರಗಳನ್ನೆಲ್ಲ ಜಗತ್ತಿಗೆ ಮುಚ್ಚಿದರೂ ನಿಮ್ಮ ನೋಟ್‌ಬುಕ್ಕಿನಲ್ಲಿ ಬಿಡದೆ ಬರೆದಿಡಬೇಕು: ದಿನಾಂಕ, ಗಿಡ, ಮರಿಗಳ ಎಣಿಕೆ, ತಂದ ಬೇಟೆ, ಕಣ್ಣಿನ ಬಣ್ಣ. ರೋಣದ ಆ ಬನ್ನಿಗಿಡದ ಮರಿಗಳನ್ನು ನಾನು ಹದಿನೈದು ದಿನಕ್ಕೊಮ್ಮೆ ಅದೇ ಬದುವಿನಿಂದ, ಅದೇ ಲೆನ್ಸಿನಿಂದ ಚಿತ್ರಿಸುತ್ತ ಹೋದೆ. ಕಡಲೆ ಕಿತ್ತು ಹೊಲ ಬಯಲಾದ ದಿನ ಒಂದೇ ಮರಿ ಉಳಿದಿತ್ತು. ಅದರ ಕಂದುಗಣ್ಣು ಅಷ್ಟು ಹೊತ್ತಿಗೆ ಕಿತ್ತಳೆಗೆ ತಿರುಗಿತ್ತು, ಕಾಲಲ್ಲಿ ತಾನೇ ಹಿಡಿದ ಇಲಿಯಿತ್ತು, ಕೂಗು ನಿಂತಿತ್ತು.